ಜಮೆ ಶಿಷ್ಯರ ಖಾತೆಗೆ

2023ನೇ ಸಾಲಿನ ದ್ರೋಣಾಚಾರ್ಯ ಪ್ರಶಸ್ತಿಯ ಜೀವಮಾನ ಸಾಧನೆ ವಿಭಾಗದಲ್ಲಿ ಆಯ್ಕೆಯಾದವರು ಮೂವರು: ಗಾಲ್ಫ್ ತರಬೇತುದಾರ ಜಸ್ಕೀರತ್ ಸಿಂಗ್ ಗ್ರೆವಾಲ್, ಟೇಬಲ್ ಟೆನಿಸಿನ ಜಯಂತ ಕುಮಾರ್ ಪುಶಿಲಾಲ್ ಮತ್ತು ಕಬಡ್ಡಿಯ ಇ. ಭಾಸ್ಕರನ್. ಭಾಸ್ಕರನ್ ನಮ್ಮ ಕಾಸರಗೋಡು ಜಿಲ್ಲೆಯವರೆಂಬುದು ಹೆಮ್ಮೆಯ ಸಂಗತಿ.

ಕಬಡ್ಡಿಗೆ ಗಾಲ್ಫಿನಂತೆ ದುಬಾರಿ ಕೋಲು, ಹುಲ್ಲುಹಾಸು ಬೇಡ. ಏಳೇಳು ಮಂದಿ, ಒಂದು ಅಂಕಣವಿದ್ದರೆ ಸಾಕು. ಆದರೆ ದಾಳಿಗೆ ಹೋದವನಿಗೆ ಸಿಗುವುದು 30 ಸೆಕೆಂಡು ಮಾತ್ರ. ಅಷ್ಟರಲ್ಲಿ ಯಾವಾಗ ನುಗ್ಗಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ಅರಿತಿರಬೇಕು. ಇದನ್ನು ಕಲಿಸುವವನೇ ಗುರು.

2015ರ ಪ್ರೊ ಕಬಡ್ಡಿ ಫೈನಲಿನಲ್ಲಿ ಭಾಸ್ಕರನ್ ತರಬೇತಿಯ ಯು ಮುಂಬಾ ತಂಡವು ಬೆಂಗಳೂರು ಬುಲ್ಸ್ ತಂಡವನ್ನು 36-30ರಿಂದ ಸೋಲಿಸಿತು. ತಂಡದ ನಾಯಕ ಅನೂಪ್ ಕುಮಾರ್ ಹೆಸರು ಮನೆಮಾತಾಯಿತು. ಅಂಕಪಟ್ಟಿಯಲ್ಲಿ ಗುರುವಿನ ಹೆಸರಿಗೆ ಒಂದಂಕವೂ ಇರುವುದಿಲ್ಲ. ದುಡಿಮೆ ಗುರುವಿನದು, ಜಮೆ ಶಿಷ್ಯರ ಖಾತೆಗೆ.

ನನ್ನ ಮಗ ಶಾಲೆಯಲ್ಲಿ ಚೆನ್ನಾಗಿ ಕಬಡ್ಡಿ ಆಡುತ್ತಿದ್ದ. ಅವನ ಮಾಸ್ತರರು ಅಂಗಡಿಗೇ ಬಂದು, "ಸಂಜೆ ಒಂದು ಗಂಟೆ ಹುಡುಗನನ್ನು ಕಳುಹಿಸಿಕೊಡಿ" ಎಂದು ಕೇಳಿಕೊಂಡರು. "ಆಟ ಅನ್ನ ಹಾಕುತ್ತದೆಯೇ ಮಾಸ್ತರೇ?" ಎಂದು ಸಾಗಹಾಕಿದೆ. ಒಂದು ಲೋಟ ಚಹಾವನ್ನೂ ಕೊಡಲಿಲ್ಲ. ಮಗ ಗಲ್ಲಾದಲ್ಲಿ ಕುಳಿತ, ವ್ಯಾಪಾರವೇನೋ ನಡೆಯಿತು.

ಪ್ರಶಸ್ತಿಯ ಸುದ್ದಿ ಓದಿದ ದಿನ ಆ ಮಾಸ್ತರರ ನೆನಪಾಯಿತು. ಕ್ಷಮೆ ಕೇಳೋಣವೆಂದರೆ ಅವರು ಈಗಿಲ್ಲ. ಈಗ ಮೊಮ್ಮಗ ಸಂಜೆ ಮೈದಾನಕ್ಕೆ ಹೊರಟರೆ ನಾನೇ ಗಲ್ಲಾದಲ್ಲಿ ಕೂರುತ್ತೇನೆ.

ಓದುಗ ಬಂಧುಗಳೇ, ನಿಮ್ಮ ಅಂಗಡಿಗೆ ಅಂಥ ಮಾಸ್ತರರು ಬಂದರೆ ದಯವಿಟ್ಟು ಕುಳ್ಳಿರಿಸಿ ಮಾತನಾಡಿಸಿ.