ಕಲ್ಲಿನಲ್ಲಿ ಬರೆದ ವರ್ಷ

"ದೊಡ್ಡವ್ವ, ನೀನು ಹುಟ್ಟಿದ್ದು ಯಾವಾಗ?" ಅಂತ ಕೇಳಿ ನೋಡಿ. "ದೊಡ್ಡ ಬರ ಬಿತ್ತಲ್ಲ, ಆ ವರ್ಷ" ಅನ್ನುತ್ತಾಳೆ. ಹೀಗೆ ಎಣಿಸುವುದು ತಪ್ಪಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಸಂಗತಿ ಹಿಡಿದು ವರ್ಷ ಎಣಿಸುವುದು ಹಳೆಯ ಕಾಲದ ರೂಢಿ. ರಾಜರ ಕಾಲದಲ್ಲೂ ಹಾಗೇ ಇತ್ತು.

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಒಂದು ಗುಡ್ಡವಿದೆ. ಅದರ ಮೇಲೆ ಮೇಗುಟಿ ಎಂಬ ಜೈನ ಗುಡಿ ಇದೆ. ಗುಡಿಯ ಗೋಡೆಯಲ್ಲಿ ಒಂದು ಕಲ್ಲು, ಕಲ್ಲಿನ ತುಂಬ ಅಕ್ಷರ. ಬರೆದವನು ಕವಿ ರವಿಕೀರ್ತಿ. ಆಗ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ. ಉತ್ತರದ ದೊಡ್ಡ ರಾಜ ಹರ್ಷನನ್ನು ಅವನು ಸೋಲಿಸಿದ ಸಂಗತಿ ಈ ಕಲ್ಲಿನಲ್ಲಿದೆ.

ಗುಡಿ ಕಟ್ಟಿಸಿದ ವರ್ಷವನ್ನು ರವಿಕೀರ್ತಿ ಎರಡು ಬಗೆಯಲ್ಲಿ ಹೇಳಿದ್ದಾನೆ. ಭಾರತ ಯುದ್ಧ ಆಗಿ 3735 ವರ್ಷ. ಶಕ ರಾಜರ ಲೆಕ್ಕದಲ್ಲಿ 556 ವರ್ಷ. ಎರಡೂ ಒಂದೇ ವರ್ಷ! ಯುದ್ಧ ನಿಜವಾಗಿ ಯಾವಾಗ ಆಯಿತು ಅನ್ನುವುದು ಬೇರೆ ಮಾತು. ಆಗಿನವರು ಎಣಿಸುತ್ತಿದ್ದದ್ದು ಹಾಗೆ.

ಶಕ ವರ್ಷ ನಮಗೂ ಹೊಸದಲ್ಲ. ಪಂಚಾಂಗ ತೆರೆದರೆ ಶಾಲಿವಾಹನ ಶಕೆ ಅಂತ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ಕ್ಯಾಲೆಂಡರಿನ ಇಸವಿ ಸಿಗುತ್ತದೆ. ಕೂಡಿಸಿ ನೋಡಿ.

556 + 78 = 634

ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ, ಇಸವಿ ಶುರುವಾಗುವುದು ಜನವರಿಗೆ. ಆ ಶಕ ವರ್ಷದ ಕೊನೆಯ ತಿಂಗಳುಗಳು 635ಕ್ಕೆ ಸೇರುತ್ತವೆ. ಅದಕ್ಕೇ ಪುಸ್ತಕಗಳಲ್ಲಿ 634-35 ಅಂತ ಬರೆಯುತ್ತಾರೆ.

ಮುಸ್ಲಿಮರ ಹಿಜರಿ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ 13ನೇ ವರ್ಷ. ಪೈಗಂಬರ್ ಮಹಮ್ಮದರು ಮೆಕ್ಕಾದಿಂದ ಮದೀನಾಕ್ಕೆ ಹೋದ 622ರಿಂದ ಅದರ ಎಣಿಕೆ. ಅದು ಚಂದ್ರನನ್ನು ನೋಡಿ ಎಣಿಸುವ ವರ್ಷ, ಸುಮಾರು 354 ದಿನ. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದಲ್ಲ, ಕಾರಣ ಇದೇ. ಹಿಜರಿಗೆ ಮಾತ್ರ ಸುಮ್ಮನೆ ಕೂಡಿಸುವ ಲೆಕ್ಕ ನಡೆಯುವುದಿಲ್ಲ.

ಅಷ್ಟು ಹಳೆಯ ವರ್ಷ ಗೊತ್ತಾದರೆ ಏನು ಲಾಭ? ಲಾಭ ಇದೆ. ಕಾಳಿದಾಸ ದೊಡ್ಡ ಕವಿ. ಆದರೆ ತಾನು ಯಾವ ಕಾಲದವನು ಅಂತ ಅವನು ಎಲ್ಲೂ ಬರೆದಿಟ್ಟಿಲ್ಲ. ರವಿಕೀರ್ತಿಗೋ ತನ್ನ ಮೇಲೆ ತುಂಬ ಹೆಮ್ಮೆ. ಕಾಳಿದಾಸ, ಭಾರವಿ ಇಬ್ಬರಿಗೂ ತಾನು ಸಮ ಅಂತ ಕಲ್ಲಿನಲ್ಲೇ ಕೆತ್ತಿಸಿದ್ದಾನೆ. ಅದೇ ಕಲ್ಲಿನಲ್ಲಿ ವರ್ಷವೂ ಇದೆ. ಹಾಗಾಗಿ 634ರ ಹೊತ್ತಿಗೆ ಅವರಿಬ್ಬರೂ ಹೆಸರಾಗಿದ್ದರು ಅನ್ನುವುದು ಖಚಿತವಾಯಿತು.

ದೊಡ್ಡವ್ವ ಹೇಳಿದ ಬರ 1972ರದ್ದು. ಪಿಂಚಣಿ ಅರ್ಜಿಯಲ್ಲಿ ಹುಟ್ಟಿದ ವರ್ಷದ ಜಾಗ ಖಾಲಿ ಇತ್ತು. ಈಗ ಅವಳೇ ನಾಲ್ಕು ಅಂಕಿ ಬರೆದಿದ್ದಾಳೆ.