ಹಿತ್ತಲ ಹೇರಳೆಕಾಯಿಗೆ ಮಾರ್ಮಲೇಡ್ ದಾರಿ: ನಮ್ಮೂರಲ್ಲಿ 105 ಡಿಗ್ರಿ ಲೆಕ್ಕ ನಡೆಯಲ್ಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆ ಹಿತ್ತಲಲ್ಲಿ ಹೇರಳೆ ಗಿಡ ಇರುವವರಿಗೆ ಗೊತ್ತು, ಕಾಯಿ ಬಂದರೆ ಎಲ್ಲ ಒಟ್ಟಿಗೇ ಬರುತ್ತೆ. ಉಪ್ಪಿನಕಾಯಿ ಹಾಕಿ, ಚಿತ್ರಾನ್ನ ಮಾಡಿ, ಅಕ್ಕಪಕ್ಕದವರಿಗೆ ಕೊಟ್ಟರೂ ಒಂದಿಷ್ಟು ಗಿಡದಡಿಯೇ ಕೊಳೆಯುತ್ತೆ. ಅದನ್ನು ತಿಂಗಳುಗಟ್ಟಲೆ ಉಳಿಸುವ ದಾರಿ ಮಾರ್ಮಲೇಡ್, ಅಂದರೆ ಸಿಪ್ಪೆಯ ಎಳೆಗಳಿರುವ ಹುಳಿ ಹಣ್ಣಿನ ಜಾಮ್. ಚಪಾತಿ, ದೋಸೆ, ಬ್ರೆಡ್ ಎಲ್ಲಕ್ಕೂ ಹೊಂದುತ್ತೆ.

ಇದನ್ನು ಗಟ್ಟಿ ಮಾಡೋದು ಪೆಕ್ಟಿನ್. ಅದು ಹೆಚ್ಚಿಗೆ ಇರೋದು ನಾವು ಬಿಸಾಡುವ ಬಿಳಿ ಸಿಪ್ಪೆ ಮತ್ತು ಬೀಜದಲ್ಲೇ.

ಬೇಕಾದದ್ದು: ಹೇರಳೆ ಹಣ್ಣು 1 ಕೆಜಿ, ಸಕ್ಕರೆ 1 ಕೆಜಿ, ನೀರು ಒಂದೂವರೆ ಲೀಟರ್, ದಪ್ಪ ತಳದ ಸ್ಟೀಲ್ ಪಾತ್ರೆ. ಹುಳಿ ಹಣ್ಣಿಗೆ ಅಲ್ಯೂಮಿನಿಯಂ ಪಾತ್ರೆ ಬೇಡ.

ಮಾಡುವ ಕ್ರಮ:

1. ಹಣ್ಣು ತೊಳೆದು, ಮೇಲಿನ ಹಳದಿ ಸಿಪ್ಪೆಯನ್ನಷ್ಟೇ ತೆಳ್ಳಗೆ ತೆಗೆದು ಸಣ್ಣ ಎಳೆಗಳಾಗಿ ಹೆಚ್ಚಿ.
2. ಎಳೆಗಳನ್ನು ಬೇರೆ ನೀರಲ್ಲಿ 10 ನಿಮಿಷ ಕುದಿಸಿ ನೀರು ಚೆಲ್ಲಿ. ಹೀಗೆ ಎರಡು ಸಲ ಮಾಡಿದರೆ ಕಹಿ ಇಳಿಯುತ್ತೆ. ಮೂರನೇ ನೀರಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ ಬಸಿಯಿರಿ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಬೇಯಲ್ಲ.
3. ಉಳಿದ ತೊಳೆ, ಬಿಳಿ ಸಿಪ್ಪೆ, ಬೀಜ ಎಲ್ಲವನ್ನೂ ಹೆಚ್ಚಿ, ಒಂದೂವರೆ ಲೀಟರ್ ನೀರಲ್ಲಿ ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿ. ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಕದಡುತ್ತೆ.
4. ಆ ರಸಕ್ಕೆ ಸಕ್ಕರೆ, ಬೆಂದ ಎಳೆ ಹಾಕಿ, ಸಕ್ಕರೆ ಕರಗಿದ ಮೇಲೆ ಜೋರು ಉರಿಯಲ್ಲಿ ಕುದಿಸಿ.

ಇಳಿಸೋದು ಯಾವಾಗ? ವಿಡಿಯೋಗಳಲ್ಲಿ 105 ಡಿಗ್ರಿ ಅಂತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 97 ಡಿಗ್ರಿಗೆ. ಹಾಗಾಗಿ 102ಕ್ಕೇ ಇಳಿಸಬೇಕು. 105ರ ತನಕ ಕಾದರೆ ಪಾಕ ಕಲ್ಲಾಗಿ, ಒಂದು ಕೆಜಿ ಸಕ್ಕರೆ ದಂಡ. ಗೌರಿಬಿದನೂರು ಇನ್ನೂ ತಗ್ಗಿನಲ್ಲಿದೆ. ಅದಕ್ಕೇ ಮೊದಲು ನಿಮ್ಮ ಮನೆಯಲ್ಲಿ ನೀರು ಎಷ್ಟಕ್ಕೆ ಕುದಿಯುತ್ತೆ ನೋಡಿ, ಅದಕ್ಕೆ 5 ಡಿಗ್ರಿ ಸೇರಿಸಿ. ಥರ್ಮಾಮೀಟರ್ ಇಲ್ವಾ? ಫ್ರಿಜ್‌ನಲ್ಲಿಟ್ಟ ತಟ್ಟೆ ಮೇಲೆ ಒಂದು ಹನಿ ಬಿಡಿ. ತಣಿದ ಮೇಲೆ ಬೆರಳಲ್ಲಿ ತಳ್ಳಿದಾಗ ಸುಕ್ಕುಗಟ್ಟಿದರೆ ಆಯ್ತು. ಹತ್ತು ನಿಮಿಷ ಬಿಟ್ಟು, ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಯಾಗಿಯೇ ತುಂಬಿ. ಸುಮಾರು ಒಂದೂವರೆ ಕೆಜಿ ಸಿಗುತ್ತೆ.

ಎರಡು ಎಚ್ಚರಿಕೆ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತೆ. ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಇನ್ನೊಂದು, ಇಲ್ಲಿ ಸಿಪ್ಪೆಯನ್ನೇ ತಿನ್ನುತ್ತೇವೆ. ಔಷಧಿ ಹೊಡೆದ ಗಿಡದ ಹಣ್ಣು ಬೇಡ.

ಪಕ್ಕದ ದೇವನಹಳ್ಳಿಯ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ. ಅದರಲ್ಲೂ ಹೀಗೇ ಮಾಡಬಹುದು, ಹುಳಿ ಕಮ್ಮಿ ಇದ್ದರೆ ಎರಡು ನಿಂಬೆಹಣ್ಣಿನ ರಸ ಸೇರಿಸಿ.

ಮಾರುವ ಯೋಚನೆ ಇದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ, ಲೇಬಲ್ ಕಡ್ಡಾಯ. ಮಾರ್ಮಲೇಡ್‌ನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು. ಇದನ್ನು ಅಳೆಯೋದು ಹೇಗೆ ಅಂತ ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮೊದಲ ಸಲ ಒಂದೇ ಕೆಜಿ ಮಾಡಿ, ಮನೆಯವರಿಗೆ ರುಚಿ ತೋರಿಸಿ. ಕಹಿ, ಹದ ಎರಡೂ ಕೈಗೆ ಸಿಕ್ಕ ಮೇಲೆ ಬಾಟಲಿ ಲೆಕ್ಕ ಹಾಕಿ.