ಸ್ಪೀಕರ್ ಇಂಪಿಡೆನ್ಸ್ ಹೊಂದಾಣಿಕೆ

ಸ್ಪೀಕರ್ ಇಂಪಿಡೆನ್ಸ್ ಹೊಂದಾಣಿಕೆ ಎಂದರೆ ಆಂಪ್ಲಿಫೈಯರು ಸುರಕ್ಷಿತವಾಗಿ ಹೊರಬಲ್ಲ ಭಾರಕ್ಕೆ ತಕ್ಕ ಸ್ಪೀಕರನ್ನು ಜೋಡಿಸುವ ಕ್ರಮ. ಪರ್ಯಾಯ ವಿದ್ಯುತ್ಪ್ರವಾಹಕ್ಕೆ ಸ್ಪೀಕರು ಒಡ್ಡುವ ಒಟ್ಟು ಅಡ್ಡಿಯೇ ಇಂಪಿಡೆನ್ಸ್. ಇದರ ಮಾನ ಓಮ್. ಸಾಮಾನ್ಯವಾಗಿ 4, 8 ಮತ್ತು 16 ಓಮ್‌ಗಳ ಸ್ಪೀಕರುಗಳು ದೊರೆಯುತ್ತವೆ. ಈ ಸಂಖ್ಯೆಗಳು ನಾಮಮಾತ್ರದವು. ಧ್ವನಿಯ ಆವರ್ತನ ಬದಲಾದಂತೆ ಇಂಪಿಡೆನ್ಸ್ ಏರಿಳಿಯುತ್ತದೆ. ಮಲ್ಟಿಮೀಟರು ಅಳೆಯುವುದು ಏಕಮುಖ ಪ್ರವಾಹಕ್ಕಿರುವ ರೋಧವನ್ನು ಮಾತ್ರ. ಆದ್ದರಿಂದ 8 ಓಮ್ ಸ್ಪೀಕರು ಅದರಲ್ಲಿ 6 ಅಥವಾ 7 ತೋರಿಸಿದರೆ ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

ವಾಲ್ವಿನಿಂದ ಟ್ರಾನ್ಸಿಸ್ಟರಿಗೆ

'ಹೊಂದಾಣಿಕೆ' ಎಂಬ ಮಾತು ವಾಲ್ವ್ ಯುಗದ ಬಳುವಳಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿ ತಯಾರಿಸುತ್ತಿದ್ದಂತಹ ರೇಡಿಯೊ ವಾಲ್ವುಗಳ ಕಾಲದಲ್ಲಿ, ಔಟ್‌ಪುಟ್ ವಾಲ್ವಿಗೆ ಸುಮಾರು 5000 ಓಮ್‌ಗಳ ಭಾರ ಬೇಕಾಗುತ್ತಿತ್ತು. 8 ಓಮ್ ಸ್ಪೀಕರನ್ನು ಅದಕ್ಕೆ ಒಗ್ಗಿಸಲು ನಡುವೆ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. 5000ವನ್ನು 8ರಿಂದ ಭಾಗಿಸಿದರೆ 625; ಅದರ ವರ್ಗಮೂಲವಾದ 25 ಸುತ್ತುಗಳ ಅನುಪಾತ.

ಟ್ರಾನ್ಸಿಸ್ಟರ್ ಅಥವಾ ಐ.ಸಿ. ಆಂಪ್ಲಿಫೈಯರಿನ ಒಳ ಇಂಪಿಡೆನ್ಸ್ ಸಾಮಾನ್ಯವಾಗಿ ಒಂದು ಓಮ್‌ಗಿಂತಲೂ ಕಡಿಮೆ. ಅದಕ್ಕೆ ಸಮನಾದ ಸ್ಪೀಕರನ್ನು ಹುಡುಕುವುದು ಪಠ್ಯಪುಸ್ತಕದ ಗರಿಷ್ಠ ಶಕ್ತಿ ವರ್ಗಾವಣೆಯ ನಿಯಮವನ್ನು ತಪ್ಪಾಗಿ ಅನ್ವಯಿಸಿದಂತೆ. ಇಲ್ಲಿ ಪಾಲಿಸಬೇಕಾದುದು ಒಂದೇ: ತಯಾರಕರು ಸೂಚಿಸಿದ ಕನಿಷ್ಠ ಓಮ್‌ಗಿಂತ ಕೆಳಗಿಳಿಯಬಾರದು. 12 ವೋಲ್ಟಿನ ಸಾಧಾರಣ ಆಂಪ್ಲಿಫೈಯರು 8 ಓಮ್ ಸ್ಪೀಕರಿಗೆ ಆದರ್ಶ ಸ್ಥಿತಿಯಲ್ಲಿ 2.25 ವ್ಯಾಟ್ ನೀಡುತ್ತದೆ. ಆಗ ಗರಿಷ್ಠ ಪ್ರವಾಹ 0.75 ಆಂಪಿಯರ್. 4 ಓಮ್‌ಗೆ ಇವು 4.5 ವ್ಯಾಟ್ ಮತ್ತು 1.5 ಆಂಪಿಯರ್. 2 ಓಮ್ ಆದರೆ ಪ್ರವಾಹ 3 ಆಂಪಿಯರಿಗೇರಿ, ಐ.ಸಿ. ವಿಪರೀತ ಬಿಸಿಯಾಗಿ ಸುಟ್ಟುಹೋಗಬಹುದು. 16 ಓಮ್ ಸ್ಪೀಕರಿನಿಂದ ಹಾನಿಯಿಲ್ಲ, ಧ್ವನಿ ಮಾತ್ರ ತಗ್ಗುತ್ತದೆ. ವಾಲ್ವ್ ಆಂಪ್ಲಿಫೈಯರಿನ ಸ್ವಭಾವ ಇದಕ್ಕೆ ವಿರುದ್ಧ: ಸ್ಪೀಕರಿಲ್ಲದೆ ಅದನ್ನು ಜೋರಾಗಿ ನಡೆಸಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ಅಧಿಕ ವೋಲ್ಟೇಜ್ ಹುಟ್ಟಿ ಅದೇ ಹಾಳಾಗುವ ಅಪಾಯವಿದೆ.

8 ಓಮ್‌ಗಳ ಎರಡು ಸ್ಪೀಕರುಗಳು ಸಮಾಂತರವಾಗಿ 4 ಓಮ್, ಸರಣಿಯಲ್ಲಿ 16 ಓಮ್ ಆಗುತ್ತವೆ. ಹೆಚ್ಚು ಸದ್ದಿನ ಆಸೆಗೆ ಮೂರನೆಯದನ್ನೂ ಸಮಾಂತರವಾಗಿ ಸೇರಿಸಿದರೆ ಉಳಿಯುವುದು 2.7 ಓಮ್.

ದೂರದ ಹಾರ್ನುಗಳು

ಕುರಕುಂಟಾ, ಸೇಡಂ, ಚಿಂಚೋಳಿಗಳಂತಹ ಊರುಗಳಲ್ಲಿ ಜಾತ್ರೆ ಉರುಸುಗಳಿಗೆ ಕಂಬದಿಂದ ಕಂಬಕ್ಕೆ ಹಾರ್ನ್ ಕಟ್ಟುವಾಗ ತಂತಿಯ ರೋಧವೂ ಲೆಕ್ಕಕ್ಕೆ ಬರುತ್ತದೆ. ತಂತಿಯಲ್ಲಿ 2 ಓಮ್ ಇದ್ದರೆ 8 ಓಮ್ ಹಾರ್ನಿಗೆ ಹೊರಟ ಶಕ್ತಿಯ ಐದರಲ್ಲೊಂದು ಪಾಲು ತಂತಿಯನ್ನು ಕಾಯಿಸಲು ವ್ಯಯವಾಗುತ್ತದೆ. ಇದಕ್ಕೆ ಪರಿಹಾರ 100 ವೋಲ್ಟ್ ಲೈನ್ ಪದ್ಧತಿ. ಪ್ರತಿ ಹಾರ್ನಿಗೂ ಒಂದು ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. 10 ವ್ಯಾಟಿಗೆ ಹೊಂದಿಸಿದ ಹಾರ್ನು ಲೈನಿಗೆ 1000 ಓಮ್ ಆಗಿ ಕಾಣುತ್ತದೆ. ಆಗ ಓಮ್‌ಗಳ ಲೆಕ್ಕ ಬೇಡ, ಹಾರ್ನುಗಳ ಒಟ್ಟು ವ್ಯಾಟ್ ಆಂಪ್ಲಿಫೈಯರಿನ ವ್ಯಾಟನ್ನು ಮೀರದಿದ್ದರೆ ಸಾಕು. ಟ್ರಾನ್ಸ್‌ಫಾರ್ಮರಿಲ್ಲದ 8 ಓಮ್ ಹಾರ್ನನ್ನು ನೇರವಾಗಿ ಈ ಲೈನಿಗೆ ಕಟ್ಟುವುದು ಮಾತ್ರ ಅಪಾಯಕಾರಿ. ಪೂರ್ಣ ಧ್ವನಿಯಲ್ಲಿ ಅದೊಂದೇ 1250 ವ್ಯಾಟ್ ಬೇಡುತ್ತದೆ.